ಪೆಡಲು ಗಟ್ಟಿಗಿತ್ತು

"ಆರ್ನ್ ಎಲ್ಲದಪ್ಪ ಇದ್ರಲ್ಲಿ?"

ಮಹದೇವಯ್ಯ ಸ್ಟೇರಿಂಗಿನ ನಡುವೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದ.

"ಹಾರ್ನ್ ಇಲ್ಲ ಅಂಕಲ್. ಇದು ರೇಸು," ಅಂದ ಮದನ್.

"ಆರ್ನ್ ಒಡೀದೆ ಮುಂದ್ಗಡೆ ಇರೋವ್ನು ಎಂಗೆ ಸೈಡ್ ಕೊಟ್ಟಾನು?"

"ಯಾರೂ ಕೊಡಲ್ಲ. ನಾವೇ ನುಗ್ಗಬೇಕು."

ಈ ನ್ಯಾಯ ಮಹದೇವಯ್ಯನಿಗೆ ಅಷ್ಟಾಗಿ ಹಿಡಿಸಲಿಲ್ಲ. ಅವನು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದ. ಕೂರುವ ಮೊದಲು ಸ್ಟೇರಿಂಗು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದ. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿದ, ಊಟದ ತಟ್ಟೆಗಿಂತ ಚಿಕ್ಕದಾದ ಪ್ಲಾಸ್ಟಿಕ್ ಸ್ಟೇರಿಂಗು ಅದು, ಕಾಲ ಬಳಿ ಎರಡು ಪೆಡಲು. ಆದರೂ ಸ್ಟೇರಿಂಗು ಸ್ಟೇರಿಂಗೇ. ಕೌಂಟರಿನಲ್ಲಿದ್ದ ಮಗಳು ಸಂಘಮಿತ್ರಾ ಇದನ್ನು ಕಂಡೂ ಕಾಣದವಳಂತೆ ಯಾರದೋ ಜಾತಿ ಪ್ರಮಾಣಪತ್ರ ಜೆರಾಕ್ಸ್ ಮಾಡುತ್ತಿದ್ದಳು. ಅಪ್ಪ ಸ್ಟೇರಿಂಗು ಮುಟ್ಟಿ ಹತ್ತು ವರ್ಷವಾಗಿತ್ತು.

ನಂಜನಗೂಡಿನ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿದ್ದ ಆ ಇಂಟರ್ನೆಟ್ ಸೆಂಟರು ಅವಳದೇ. ನಾಲ್ಕು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು. ಬ್ರಾಡ್‌ಬ್ಯಾಂಡ್ ಬಂದು ಒಂದು ವರ್ಷವಾಗಿತ್ತು. ಅದು ಎರಡು ಸಾವಿರದ ಎಂಟನೆಯ ಇಸವಿಯ ಜೂನ್ ತಿಂಗಳು. ಮದನ್ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ. ಶಿಫ್ಟು ಮುಗಿಸಿ ನೇರ ಇಲ್ಲಿಗೆ ಬಂದು, ಮೂಲೆಯ ಕಂಪ್ಯೂಟರಿನಲ್ಲಿ ದೇಶವಿದೇಶದವರ ಜೊತೆ ಕಾರು ಓಡಿಸುತ್ತಿದ್ದ. ಅದನ್ನು ಆಟ ಅಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಸಿಮ್ಯುಲೇಟರ್ ಅನ್ನಬೇಕು. ಕಾರಿನ ತೂಕ, ಟೈರಿನ ಹಿಡಿತ, ರಸ್ತೆಯ ತೇವ, ಎಲ್ಲ ನಿಜದಲ್ಲಿ ಹೇಗೋ ಹಾಗೇ ಇರುತ್ತದೆ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದ. ನಿಜವಾದ ಕಾರನ್ನು ಮಾತ್ರ ಅವನು ಒಮ್ಮೆಯೂ ಓಡಿಸಿರಲಿಲ್ಲ. ಅವನಲ್ಲಿದ್ದದ್ದು ಒಂದು ಮೊಪೆಡ್ಡು.

ಮಹದೇವಯ್ಯನಿಗೆ ಒಂದು ವಾರ ಬರೀ ಕೂರುವುದನ್ನು, ನೋಡುವುದನ್ನು ಕಲಿಸಿದ. ತಿರುವು ಬರುವ ಮೊದಲೇ ಬ್ರೇಕು, ಆಮೇಲೆ ಸ್ಟೇರಿಂಗು, ಆಮೇಲೆ ಆಕ್ಸಿಲರೇಟರು. ಇಪ್ಪತ್ತೆರಡು ವರ್ಷ ಟ್ಯಾಕ್ಸಿ ಓಡಿಸಿದವನು ಮೊಪೆಡ್ಡಿನವನಿಂದ ಪಾಠ ಹೇಳಿಸಿಕೊಂಡು "ಊಂ, ಊಂ" ಅನ್ನುತ್ತಿದ್ದ. ಎರಡನೇ ವಾರ ಅವನನ್ನು ಆನ್‌ಲೈನ್ ರೇಸಿಗೆ ಇಳಿಸಿದರೆ ಮಹದೇವಯ್ಯ ಮಾಡಿದ ಮೊದಲ ಕೆಲಸವೆಂದರೆ, ಹಿಂದೆ ಕಾರು ಕಂಡ ಕೂಡಲೇ ಎಡಕ್ಕೆ ಸರಿದು ದಾರಿ ಬಿಟ್ಟದ್ದು. ಒಬ್ಬ ಹೋದ, ಇನ್ನೊಬ್ಬ ಹೋದ, ಹದಿನಾಲ್ಕು ಜನವೂ ಹೋದರು.

"ಅಯ್ಯೋ, ಯಾಕ್ ಅಂಕಲ್ ಬಿಡ್ತೀರ?"

"ಅರ್ಜೆಂಟ್ನಲ್ಲವ್ರೆ, ಓಗ್ಲಿ ಬುಡಪ್ಪ."

ತೆರೆಯ ಕೆಳಗೆ ಅಕ್ಷರ ಮೂಡಿದವು. ಮದನ್ ಓದಿ ನಕ್ಕ. "ಪೋಲೆಂಡ್‌ನೋನು ನಿಮಗೆ ಥ್ಯಾಂಕ್ಸ್ ಹೇಳ್ತಾವ್ನೆ. ಇಷ್ಟು ಒಳ್ಳೆಯವರನ್ನ ಈ ಟ್ರ್ಯಾಕಲ್ಲಿ ಅವನು ನೋಡೇ ಇಲ್ವಂತೆ."

ಅಷ್ಟರಲ್ಲಿ ಇನ್ನೊಬ್ಬ ಬಂದು ಹಿಂದಿನಿಂದ ಗುದ್ದಿದ. "ಕಣ್ ಕಾಣಕಿಲ್ವೇನ್ಲಾ?" ಎಂದು ಮಹದೇವಯ್ಯ ತೆರೆಗೇ ಕೂಗಿದ. ಸೆಂಟರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನಿಗೇ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ. ಸಂಘಮಿತ್ರಾಳಿಗೆ ಅಳು ಬಂತು. ಈ ನಗುವನ್ನು ಅವಳು ಹನ್ನೆರಡನೇ ವಯಸ್ಸಿನ ನಂತರ ಕೇಳಿರಲಿಲ್ಲ. ಪೇಪರು ಸಿಕ್ಕಿಹಾಕಿಕೊಂಡಿದೆ ಎಂದು ನೆಪ ಹೇಳಿ ಜೆರಾಕ್ಸ್ ಮಿಷನ್ನಿನ ಹಿಂದೆ ಹೋಗಿ ನಿಂತಳು.

ಆಗ ಅವರಿದ್ದದ್ದು ತಿ. ನರಸೀಪುರದಲ್ಲಿ. ಮಹದೇವಯ್ಯನದು ಒಂದು ಬಿಳಿ ಅಂಬಾಸಿಡರ್. ಅದರ ರಿಪೇರಿಯೆಲ್ಲ ಚೆಲುವಯ್ಯನ ಶೆಡ್ಡಿನಲ್ಲೇ. ಇಬ್ಬರೂ ಒಂದೇ ಬೀದಿಯಲ್ಲಿ ಬೆಳೆದವರು. ಒಬ್ಬನ ಮನೆಯಲ್ಲಿ ಹಬ್ಬವಾದರೆ ಇನ್ನೊಬ್ಬನ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ತೊಂಬತ್ತೆಂಟರ ಜನವರಿಯಲ್ಲಿ ಚೆಲುವಯ್ಯ ಕಾರಿನ ಬ್ರೇಕು ಬಿಚ್ಚಿ ಹೊಸದು ಹಾಕಿಕೊಟ್ಟ. ನಾಲ್ಕು ದಿನವಾದ ಮೇಲೆ ಮಹದೇವಯ್ಯ ಹೆಂಡತಿ ಕೆಂಪಾಜಮ್ಮನನ್ನೂ ಮಗಳನ್ನೂ ಕೂರಿಸಿಕೊಂಡು ಹೆಮ್ಮರಗಾಲದ ನೆಂಟರ ಮನೆಗೆ ಹೋಗಿ ಸಂಜೆ ಹಿಂದಿರುಗುತ್ತಿದ್ದ. ಒಂದು ತಿರುವಿನಲ್ಲಿ ಹುರುಳಿ ಒಕ್ಕಣೆ ನಡೆದಿತ್ತು. ಒಕ್ಕಣೆ ಅಂದರೆ ಅಲ್ಲಿಯವರು ಮಾಡುವಂಥದ್ದೇ: ಕಿತ್ತ ಗಿಡವನ್ನು ಟಾರು ರಸ್ತೆಯ ಮೇಲೆ ಮೊಣಕಾಲುದ್ದ ಹರಡುವುದು, ಹೋಗಿ ಬರುವ ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸುವುದು. ಕಾರು ಆ ಗಿಡದ ಮೇಲೆ ಹತ್ತಿತು, ನಿಲ್ಲಲಿಲ್ಲ, ತಿರುಗಲೂ ಇಲ್ಲ. ನೇರ ಹೋಗಿ ಹುಣಸೆಮರಕ್ಕೆ ಗುದ್ದಿತು. ಮುಂದಿನ ಸೀಟಿನಲ್ಲಿದ್ದ ಕೆಂಪಾಜಮ್ಮ ಅಲ್ಲೇ ಹೋದಳು.

"ಬ್ರೇಕ್ ಫೇಲಾಯ್ತು ಸಾ," ಎಂದು ಮಹದೇವಯ್ಯ ಪೊಲೀಸರಿಗೆ ಹೇಳಿದ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ, ಅವನು ನಂಬಿದ್ದೇ ಹಾಗೆ. ಕಾರನ್ನು ನೋಡಲು ಬಂದ ಬ್ರೇಕ್ ಇನ್ಸ್‌ಪೆಕ್ಟರು, ಮುಂಭಾಗವೆಲ್ಲ ಜಜ್ಜಿಹೋಗಿರುವುದರಿಂದ ಏನೂ ಹೇಳಲಾಗದು ಎಂದು ಬರೆದುಕೊಟ್ಟು ಹೋದರು. ಸುದ್ದಿ ಕೇಳಿ ಗ್ರೀಸು ಮೆತ್ತಿದ ಕೈಯಲ್ಲೇ ಆಸ್ಪತ್ರೆಗೆ ಓಡಿ ಬಂದ ಚೆಲುವಯ್ಯನ ಕೊರಳಪಟ್ಟಿ ಹಿಡಿದು, ಸೇರಿದ ಜನರೆಲ್ಲರ ಮುಂದೆ ಮಹದೇವಯ್ಯ, "ನನ್ನೆಡ್ತೀನ ತಿಂದ್ಕಂಡಲ್ಲೋ!" ಎಂದು ಅರಚಿದ. ಚೆಲುವಯ್ಯ ಒಂದೂ ಮಾತಾಡದೆ ತಲೆ ತಗ್ಗಿಸಿದ. ತಪ್ಪು ಮಾಡದವನು ಹಾಗೆ ತಲೆ ತಗ್ಗಿಸುತ್ತಾನೆಯೇ ಎಂದು ಊರೆಲ್ಲ ಆಡಿಕೊಂಡಿತು. ತಿಂಗಳೊಪ್ಪತ್ತಿನಲ್ಲಿ ಶೆಡ್ಡು ಮುಚ್ಚಿತು. ಮಹದೇವಯ್ಯ ಮಗಳನ್ನು ಕರೆದುಕೊಂಡು ನಂಜನಗೂಡಿಗೆ ಬಂದು ಒಂದು ಗೋಡೌನಿನಲ್ಲಿ ಕಾವಲು ಕೆಲಸಕ್ಕೆ ಸೇರಿದ. ಚೆಲುವಯ್ಯನನ್ನು ಬೈಯುವುದು ಅವನಿಗೆ ಒಂದು ಆಸರೆಯಾಗಿತ್ತು. ಅದಿಲ್ಲದಿದ್ದರೆ ಅವನು ಬದುಕಿಕೊಳ್ಳುತ್ತಿದ್ದನೋ ಇಲ್ಲವೋ.

ಮೂರನೇ ವಾರ ಮದನ್ ಅವನಿಗೆ ಮಳೆ ಹಾಕಿಕೊಟ್ಟ. "ಇವತ್ತು ಒದ್ದೆ ಟ್ರ್ಯಾಕ್ ಅಂಕಲ್. ಕಾರೂ ಹಳೇದು, ಅರವತ್ತರ ಕಾಲದ್ದು, ನಿಮ್ಮ ಅಂಬಾಸಿಡರ್ ವಾರಗೆದು ಅಂತ ಇಟ್ಕೊಳ್ಳಿ. ಯಾವ ಸಹಾಯನೂ ಇರಲ್ಲ."

ಮೊದಲ ತಿರುವು ಎದ್ದು ಬಂತು. ಮಹದೇವಯ್ಯ ಬ್ರೇಕು ಒತ್ತಿದ, ಸ್ಟೇರಿಂಗು ತಿರುಗಿಸಿದ. ಅಷ್ಟು ಹೊತ್ತು ಕೈಗೆ ಎದುರು ಕೊಡುತ್ತಿದ್ದ ಸ್ಟೇರಿಂಗು ಇದ್ದಕ್ಕಿದ್ದಂತೆ ಹಗುರವಾಯಿತು. ಎಷ್ಟು ತಿರುಗಿಸಿದರೂ ಕಾರು ನೇರ ಹೋಗಿ ಗೋಡೆಗೆ ಬಡಿಯಿತು. ಮಹದೇವಯ್ಯ ಸ್ಟೇರಿಂಗಿನಿಂದ ಕೈ ತೆಗೆದು ಅಂಗೈ ನೋಡಿಕೊಂಡ. ಈ ಹಗುರ ಅವನಿಗೆ ಗೊತ್ತಿತ್ತು.

"ಇದ್ಯಾಕಪ್ಪ ಇಂಗೆ ಅಗುರಾಯ್ತು?"

"ಮುಂದಿನ ಚಕ್ರ ಲಾಕ್ ಆಯ್ತು ಅಂಕಲ್. ಬ್ರೇಕ್ ಪೂರ್ತಿ ಒತ್ತಿಬಿಟ್ರಿ. ಚಕ್ರ ಉರುಳ್ತಾ ಇದ್ರೆ ತಾನೇ ಕಾರು ತಿರುಗೋದು? ಹೊಸಬರೆಲ್ಲ ಮಾಡೋ ತಪ್ಪು ಇದು."

"ಏನ್ ಮಾಡ್ಬೇಕು ಮತ್ತೆ?"

"ಬ್ರೇಕ್ ಸ್ವಲ್ಪ ಬಿಡಬೇಕು. ಬಿಟ್ರೆ ತಿರುಗುತ್ತೆ."

ಜಾರುವ ರಸ್ತೆಯಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಬೇಕೆಂಬುದು ಮಹದೇವಯ್ಯನಿಗೆ ಗೊತ್ತಿಲ್ಲದ್ದಲ್ಲ. ಎಷ್ಟೋ ಹೊಸ ಡ್ರೈವರುಗಳಿಗೆ ತಾನೇ ಹೇಳಿಕೊಟ್ಟಿದ್ದ. ಈಗ ಮತ್ತೆ ಅದೇ ತಿರುವಿಗೆ ಕಾರು ತಂದ. ಕಾಲು ಏಳಲಿಲ್ಲ, ಗೋಡೆ ಎದುರು ಕಂಡ ಕೂಡಲೇ ಪೂರ್ತಿ ಒತ್ತಿ ಹಿಡಿಯಿತು. ಮತ್ತೆ ತಂದ. ಮತ್ತೆ ಬಡಿದ. ಏಳನೆಯ ಸಲವೋ ಎಂಟನೆಯ ಸಲವೋ ಹಲ್ಲು ಕಚ್ಚಿ ಕಾಲು ಒಂದಿಷ್ಟು ಎತ್ತಿದ. ಸ್ಟೇರಿಂಗಿಗೆ ಜೀವ ಬಂತು, ಕಾರು ಗೋಡೆಯ ಪಕ್ಕದಲ್ಲೇ ತಿರುಗಿ ರಸ್ತೆಗೆ ಬಂದು ನಿಂತಿತು.

"ಸೂಪರ್ ಅಂಕಲ್!" ಮದನ್ ಚಪ್ಪಾಳೆ ತಟ್ಟಿದ. "ಇದನ್ನ ಕಲಿಯೋಕೆ ನನಗೆ ಎರಡು ತಿಂಗಳು ಬೇಕಾಯ್ತು. ಅಂದ್ಹಾಗೆ, ನಿಜವಾದ ಕಾರಲ್ಲಿ ಬ್ರೇಕ್ ಹೆಂಗಿರುತ್ತೆ? ಇದು ಬರೀ ಸ್ಪ್ರಿಂಗು."

"ಗಟ್ಟಿಗಿರ್ತದೆ. ಕಲ್ಲು ಒತ್ದಂಗೆ."

"ಫೇಲ್ ಆದ್ರೆ?"

"ಫೇಲಾದ್ರೆ ಒತ್ತಿದ್ದು ಸೀದಾ ನೆಲಕ್ಕೋಯ್ತದೆ. ಅತ್ತಿ ತುಳ್ದಂಗೆ…"

ಮಹದೇವಯ್ಯ ತನ್ನ ಬಲಗಾಲನ್ನು ನೋಡಿಕೊಂಡ. ಆ ಸಂಜೆ ಹುಣಸೆಮರ ಮೇಲೆ ಮೇಲೆ ಬರುವಾಗ ಪೆಡಲು ನೆಲಕ್ಕೆ ಹೋಗಿರಲಿಲ್ಲ. ಅದರ ಮೇಲೆ ಎದ್ದು ನಿಂತವನಂತೆ ಒತ್ತಿದ್ದ, ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಹತ್ತು ವರ್ಷವೂ ಇದು ಅವನ ಕಾಲಿಗೆ ಗೊತ್ತಿತ್ತು. ಅವನೇ ಅದನ್ನು ಕೇಳಿರಲಿಲ್ಲ.

ಸೆಂಟರಿನ ಬಾಗಿಲು ಎಳೆದು ಅಪ್ಪ ಮಗಳು ಮನೆಯ ಕಡೆ ನಡೆಯುವಾಗ ಅವನು ಎಲ್ಲವನ್ನೂ ಹೇಳಿದ. ಸಂಘಮಿತ್ರಾ ಮನೆಯ ಬೀಗಕ್ಕೆ ಕೀಲಿ ಹಾಕಿ, ತಿರುಗಿಸದೆ ಹಾಗೇ ನಿಂತಳು.

"ಬೈಯದಾದ್ರೆ ಬೈಯಿ ಮಗ," ಅಂದ ಮಹದೇವಯ್ಯ. "ನಿಮ್ಮವ್ವುನ್ನ ಕಳ್ದೋನು ನಾನೇ ಕಣವ್ವ."

"ಅಷ್ಟೊಂದು ಗಿಡ ಹರಡಿದ್ರಲ್ಲ ಅಪ್ಪ. ಯಾರಾಗಿದ್ರೂ ಬ್ರೇಕ್ ಒತ್ತೋರು." ಅವಳು ಕೀಲಿ ತಿರುಗಿಸಿದಳು. "ನನಗೇನು ಅನ್ನಿಸ್ತಿದೆ ಅಂತ ನನಗೇ ಗೊತ್ತಾಗ್ತಿಲ್ಲ. ಅದು ಇರಲಿ. ಚೆಲುವಯ್ಯ ಚಿಕ್ಕಪ್ಪಂಗೆ ಯಾವಾಗ ಹೇಳ್ತೀಯ?"

ಮಹದೇವಯ್ಯನಿಗೆ ಹೆದರಿಕೆಯಾಗಿತ್ತು. ಹೇಳಿಬಿಟ್ಟರೆ ಇನ್ನು ಬೈಯಲು ಯಾರೂ ಉಳಿಯುವುದಿಲ್ಲ, ತಾನೊಬ್ಬನೇ.

ಆದರೂ ಮಾರನೆಯ ದಿನ ಮೊದಲನೇ ಬಸ್ಸಿಗೆ ಹತ್ತಿದ. ನರಸೀಪುರದಲ್ಲಿ ಇಳಿದಾಗ ಇನ್ನೂ ಅಂಗಡಿಗಳು ತೆರೆದಿರಲಿಲ್ಲ. ಚೆಲುವಯ್ಯ ಈಗ ಊರ ಅಂಚಿನಲ್ಲಿದ್ದಾನೆ, ಹಸು ಸಾಕಿ ಡೈರಿಗೆ ಹಾಲು ಹಾಕುತ್ತಾನೆ ಎಂದು ಯಾರೋ ದಾರಿ ತೋರಿಸಿದರು. ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಕೊಟ್ಟಿಗೆಯ ಮುಂದೆ ನಿಂತ ಕೂಡಲೇ ಮರೆತುಹೋದವು.

ಚೆಲುವಯ್ಯ ಹಾಲು ಕರೆಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವನ ಹೆಂಡತಿ ಮಹದೇವಮ್ಮ ಪಕ್ಕದಲ್ಲಿ ಕರುವಿನ ಹಗ್ಗ ಬಿಗಿಯಾಗಿ ಹಿಡಿದು ನಿಂತಿದ್ದಳು. ಕರು ಕೆಚ್ಚಲಿಗೆ ಹೋಗಲು ಎಳೆದಾಡುತ್ತಿತ್ತು. ಬಂದವನನ್ನು ಗುರುತು ಹಿಡಿದು ಮಹದೇವಮ್ಮ ಮುಖ ತಿರುಗಿಸಿದಳು. ಬಾ ಅನ್ನಲಿಲ್ಲ. ಚೆಲುವಯ್ಯನೂ ಒಮ್ಮೆ ನೋಡಿ, ಕರೆಯುವುದನ್ನು ನಿಲ್ಲಿಸದೆ ತಲೆ ತಗ್ಗಿಸಿದ, ಹತ್ತು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ತಗ್ಗಿಸಿದಂತೆಯೇ.

"ಬ್ರೇಕ್ ಫೇಲಾಗಿರ್ನಿಲ್ಲ ಕಣೋ ಚೆಲುವ," ಅಂದ ಮಹದೇವಯ್ಯ.

ಪಾತ್ರೆಗೆ ಬೀಳುತ್ತಿದ್ದ ಹಾಲಿನ ಸದ್ದು ನಿಂತಿತು.

"ರೋಡಿಗ್ ಅರ್ಡಿದ್ ಉಳ್ಳಿ ಗಿಡದ್ ಮ್ಯಾಲೆ ಚಕ್ರ ಲಾಕಾಗಿ ಜಾರ್ಬುಡ್ತು. ನಾನು ಒತ್ತಿದ್ ಕಾಲ ಎತ್ನಿಲ್ಲ. ಎತ್ತಿದ್ರೆ ತಿರುಗೋದು. ನಿಂದೇನೂ ತಪ್ಪಿರ್ನಿಲ್ಲ."

ಚೆಲುವಯ್ಯ ಕೂತಲ್ಲಿಂದ ಏಳಲಿಲ್ಲ. "ಪೆಡಲು?" ಅಂದ.

"ಗಟ್ಟಿಗಿತ್ತು."

"ನೆಲಕ್ಕೋಗ್ನಿಲ್ವಾ?"

"ಇಲ್ಲ."

"ಸರ್ಯಾಗ್ ಗ್ಯಾನ ಮಾಡ್ಕಂಡು ಏಳಣ್ಣ. ಒಸಿನಾದ್ರೂ ಮೆತ್ಗಾಯ್ತಾ?"

"ಇಲ್ಲ ಕಣೋ. ಕಲ್ಲಿದ್ದಂಗಿತ್ತು."

ಚೆಲುವಯ್ಯ ಹಾಲು ಮೆತ್ತಿದ ಎರಡೂ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡ. "ಬ್ರೇಕ್ ಆಕ್ದಾವತ್ತು ಕರೆಂಟ್ ಓಗಿತ್ತಣ್ಣ," ಅಂದ. "ಎಡಗಡೆ ಮುಂದ್ಲ ಚಕ್ರದ್ ಬ್ರೇಕ್ ಆಯಿಲ್ ಪೈಪಿನ ನಟ್ಟು ಒಂದ ಕತ್ಲಲ್ಲೇ ಆಕ್ದೆ. ಬಿಗಿ ಮಾಡಿದ್ನಾ, ಇಲ್ವಾ. ನೀನು ಕತ್ತಿನಪಟ್ಟಿ ಇಡ್ಕಂಡಾಗ ಅದೇ ನೆಪ್ಪಾಯ್ತು. ಇಲ್ಲ ಅನ್ನಕ್ಕೆ ಬಾಯಿ ಬರ್ನಿಲ್ಲ. ಜನ ಬರ್ದಲೆ ಶೆಡ್ಡು ಮುಚ್ಚೋಗ್ನಿಲ್ಲ ಕಣಣ್ಣ, ನಾನೇ ಮುಚ್ದೆ. ಇನ್ನೊಬ್ರ ಜೀವ ಓಗದು ಬ್ಯಾಡ ಅಂತ ಸ್ಪ್ಯಾನರ್ ಮುಟ್ಲೇ ಇಲ್ಲ. ಕಣ್ ಮುಚ್ಚಿದ್ರೆ ಸಾಕು, ಆ ನಟ್ಟ ತಿರುಗುಸ್ತನೇ ಇರ್ತಿದ್ದೆ. ಬಿಗಿ ಮಾಡಿದ್ನಾ, ಇಲ್ವಾ…"

ಮಹದೇವಯ್ಯ ಸಗಣಿ ನೆಲ ಅನ್ನುವುದನ್ನೂ ನೋಡದೆ ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತುಬಿಟ್ಟ. ಕ್ಷಮಿಸು ಅನ್ನಬೇಕೆಂದು ಬಂದಿದ್ದವನಿಗೆ ಆ ಮಾತು ಈಗ ತೀರಾ ಚಿಕ್ಕದಾಗಿ ಕಂಡು ನಾಚಿಕೆಯಾಯಿತು.

"ಅತ್ತು ವರ್ಸ," ಅಂದಳು ಮಹದೇವಮ್ಮ. ಗಂಡನಿಗೆ ಹೇಳಿದಳೋ, ಬಂದವನಿಗೆ ಹೇಳಿದಳೋ ತಿಳಿಯಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು.

ಅವಳ ಇನ್ನೊಂದು ಕೈಯಿಂದ ಹಗ್ಗ ಜಾರಿತು. ಕರು ಒಂದೇ ನೆಗೆತಕ್ಕೆ ಬಂದು, ಚೆಲುವಯ್ಯನ ಭುಜವನ್ನು ತಳ್ಳಿಕೊಂಡು ಕೆಚ್ಚಲಿಗೆ ಬಾಯಿ ಹಾಕಿತು. ಡೈರಿಗೆ ಹೋಗಬೇಕಾದ ಹಾಲು. ಮೂವರೂ ನೋಡುತ್ತಲೇ ಇದ್ದರು, ಯಾರೂ ಅದನ್ನು ಎಳೆಯಲಿಲ್ಲ. ಕರು ಬಾಲ ಅಲ್ಲಾಡಿಸುತ್ತ, ನೊರೆ ಸುರಿಸುತ್ತ ಹೊಟ್ಟೆ ತುಂಬ ಕುಡಿಯಿತು.