ಶ್ರೇಯಾಳ ಸಾಲ ತೀರಿದ ದಿನ

ಕ್ಲಿಪ್ಪು ಹೊಸದು, ಮುತ್ತಿನದು, ಕೌಂಟರಿನ ಮೇಲೆ ಬಗ್ಗಿದ ತಲೆಯ ಹಿಂದೆ ಹೊಳೆಯುತ್ತದೆ, ಆ ಜಡೆಯನ್ನು ಮಾಲತಿ ಎಲ್ಲಿ ಕಂಡರೂ ಗುರುತಿಸುತ್ತಾಳೆ, ಮಂಗಳೂರಿನ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ತಾನೇ ಹೆಣೆದ ಜಡೆ — ಶ್ರೇಯಾ. ನರ್ಸಿಂಗ್ ಓದಲು ಇಬ್ಬರೂ ಒಂದೇ ದಿನ ಕುಮಟೆಯ ಇದೇ ಬ್ಯಾಂಕಿನಲ್ಲಿ ಸಾಲ ತೆಗೆದವರು, ಇಬ್ಬರ ಅಪ್ಪಂದಿರೂ ಹೊರಗೆ ನಿಂತು ಒಂದೇ ಸಂಚಿಯ ಎಲೆಯಡಿಕೆ ಹಾಕಿದ್ದರು. ಈಗ ಅವಳು ಕಾಗದ ಮಡಚುತ್ತ ತಿರುಗಿ, ನಂದು ಮುಗೀತು ಮಾರಾಯ್ತಿ, ಅಪ್ಪನ ಇನ್ಶೂರೆನ್ಸ್ ದುಡ್ಡು ಬಂತು, ಪೂರಾ ಕಟ್ಟಿಬಿಟ್ಟೆ, ಅನ್ನುತ್ತಾಳೆ, ಕಣ್ಣು ಊದಿಕೊಂಡಿದೆ, ಊದಿದ್ದು ಮಾಲತಿಗೆ ಬೇಕಾಗಿಲ್ಲ, ಕಾಗದವಷ್ಟೇ ಕಾಣುತ್ತದೆ, ಬಾಕಿ ಇಲ್ಲ ಎಂದು ಮೊಹರು ಬಿದ್ದ ಕಾಗದ, ಹೊಟ್ಟೆ ಧಗಧಗ ಉರಿಯುತ್ತದೆ. ಹೋದ ವರ್ಷ ಹೊನ್ನಾವರದ ಹೆದ್ದಾರಿಯಲ್ಲಿ ಅವಳಪ್ಪ ರಾಜೀವಣ್ಣ ಲಾರಿಯಡಿ ಸಿಕ್ಕಿ ಸತ್ತಾಗ ಅವಳನ್ನು ತಬ್ಬಿಕೊಂಡು ಅತ್ತವಳು ತಾನೇ, ಗದರಿಸಿ ಗಂಜಿ ಕುಡಿಸಿದವಳು ತಾನೇ, ಆ ಅಳು ಸುಳ್ಳಲ್ಲ, ಈ ಉರಿಯೂ ಸುಳ್ಳಲ್ಲ — ಇವಳಿಗೆ ಇನ್ನು ಕಂತು ಕಟ್ಟುವ ಐದನೇ ತಾರೀಕಿನ ಹೆದರಿಕೆ ಇಲ್ಲ, ಬ್ಯಾಂಕಿನ ಫೋನಿಲ್ಲ, ಸಂಬಳ ಪೂರ್ತಿ ಕೈಗೆ, ಮುತ್ತಿನ ಕ್ಲಿಪ್ಪು ಕೊಳ್ಳಬಹುದು, ತನಗೋ ಭಟ್ಕಳದಲ್ಲಿ ಕೆಲಸಕ್ಕಿದ್ದ ಸಣ್ಣ ಆಸ್ಪತ್ರೆ ಮುಚ್ಚಿ ಮೂರು ತಿಂಗಳು, ಗಾರೆ ಕೆಲಸದ ಅಪ್ಪನಿಗೆ ಲಕ್ವ, ಆಮೇಲೆ ಕಂತು ಒಂದೂ ಕಟ್ಟಿಲ್ಲ, ಅವಳಪ್ಪ ಸತ್ತು ಸಾಲ ತೀರಿಸಿದ, ತನ್ನಪ್ಪ ಬದುಕಿ — ಛೀ, ಎಂತ ಯೋಚನೆ ಇದು, ಬಾಯಿಂದ ಹೊರಗೆ ಬಂದಿಲ್ಲವಷ್ಟೆ, ಪಕ್ಕದ ಕುರ್ಚಿಯಲ್ಲೇ ಅಪ್ಪ ಕೂತಿದ್ದಾನೆ, ಕೂತು ಶ್ರೇಯಾ ಹೋದ ಬಾಗಿಲನ್ನೇ ನೋಡುತ್ತಿದ್ದಾನೆ.

ಒಳಗೆ ಮ್ಯಾನೇಜರ್ ಸುದರ್ಶನ ಅವರು ಹೇಳುತ್ತಾರೆ, ಕಂತು ಅರ್ಧಕ್ಕಿಳಿಸಬಹುದು, ನಾಲ್ಕು ವರ್ಷ ಜಾಸ್ತಿ ಕಟ್ಟಬೇಕಾಗ್ತದೆ, ಬಡ್ಡಿಯೂ ಬೆಳೀತದೆ, ಸಾಲದಲ್ಲಿ ನಿಮ್ಮ ತಂದೆಯವರ ಹೆಸರೂ ಉಂಟು, ಅವರೂ ಒಪ್ಪಬೇಕು. ಆತು ಸಾಹೇಬ್ರೆ, ಅಪ್ಪನ ಸೊಟ್ಟ ಬಾಯಿಂದ ಮಾತು ತಡೆದು ತಡೆದು ಬರುತ್ತದೆ, ಒಂದು ಕೇಳ್ತೆ, ರಾಜೀವನ ಮಗಳದ್ದು ತೀರ್ತಲ್ಲ, ನಾ ಹೋದ್ರೆ ನಮ್ದೂ ಹಾಂಗೇ ತೀರ್ತದಾ? ಮ್ಯಾನೇಜರು ಕನ್ನಡಕ ತೆಗೆಯುತ್ತಾರೆ, ಇಲ್ಲ ದುರ್ಗಪ್ಪನವರೆ, ನಿಮ್ಮ ಹೆಸರಲ್ಲಿ ವಿಮೆ ಇಲ್ಲ. ಅಪ್ಪ ಅವಳ ಕಡೆ ತಿರುಗುತ್ತಾನೆ, ಇಲ್ವಂತೆ ಮಗಾ — ತಪ್ಪು ತನ್ನದೇ ಎನ್ನುವ ಹಾಗೆ, ಹಾಗಾದರೆ ಅವನಿಗೆ ಗೊತ್ತಾಗಿದೆ, ಮುಖದಲ್ಲೇ ಓದಿದನೆ, ಅಥವಾ ತನಗಿಂತ ಮೊದಲೇ ಯೋಚಿಸಿ ಇಟ್ಟುಕೊಂಡಿದ್ದನೆ, ಎಷ್ಟು ದಿನದಿಂದ, ಶಾಯಿಯ ಡಬ್ಬಿ ಮುಂದೆ ಸರಿಯುತ್ತದೆ, ಸಾಲ ತೆಗೆದ ದಿನ ನೆಟ್ಟಗೆ ಸಹಿ ಹಾಕಿದ ಬಲಗೈ ಮಡಿಲಲ್ಲಿ ಬಿದ್ದಿದೆ, ಎಡಗೈಯ ಹೆಬ್ಬೆರಳನ್ನು ಅವಳೇ ಹಿಡಿದು ಅದ್ದುತ್ತಾಳೆ, ಸಿಮೆಂಟಿಗೆ ಗೆರೆ ಸವೆದ ಹೆಬ್ಬೆರಳು, ಒತ್ತು ಮಗಾ, ಒತ್ತುತ್ತಾಳೆ, ಸಾಕಮ್ಮ, ಗುರುತು ಬಿತ್ತು, ಅನ್ನುತ್ತಾರೆ ಮ್ಯಾನೇಜರು, ಬಿತ್ತು, ಆದರೆ ಬಿಡಲಾಗುತ್ತಿಲ್ಲ, ಬೆಚ್ಚಗಿದೆ, ಒಳಗೆ ನಾಡಿ ಹೊಡೆದುಕೊಳ್ಳುತ್ತಿದೆ, ಅವಳ ಮುಷ್ಟಿಯಲ್ಲಿ ಅಪ್ಪನ ಹೆಬ್ಬೆರಳು, ನೀಲಿ ಹೆಬ್ಬೆರಳು, ಬೆಚ್ಚಗಿನ ನೀಲಿ ಹೆಬ್ಬೆರಳು —