ಬೇರಿಗೆ ಕಚ್ಚು ಹಾಕಿದವನು

“ಎಂಟನೇ ಕ್ಲಾಸಿಗೇ ಶಾಲೆಗೆ ಕೈ ಮುಗಿದೋನು, ಈಗ ಮರಕ್ಕೆ ಆಪರೇಷನ್ ಮಾಡ್ತಿದಾನೆ ನೋಡ್ರಪ್ಪ! ಡಾಕ್ಟ್ರು!”

ತೋಟದ ಯಜಮಾನ, ನನ್ನ ಅಮ್ಮನ ಅಣ್ಣ, ಮಾವ ಇದನ್ನು ಹೇಳಿದ್ದು ಪ್ಯಾಕಿಂಗ್ ಶೆಡ್ಡಿನಲ್ಲಿ, ಹತ್ತು ಜನ ಕೆಲಸದವರ ಮುಂದೆ. ಎಲ್ಲರೂ ನಕ್ಕರು. ಕಾಯಿ ಒರೆಸುತ್ತಿದ್ದ ಅತ್ತೆ ಮಾತ್ರ ತಲೆ ಎತ್ತಲಿಲ್ಲ.

ನನಗಾಗ ಹದಿನಾರು. ಹಲಸಿನ ಬಳಗದ ದೊಡ್ಡ ಜೀಗುಜ್ಜೆ ಮರದ ಬುಡ ಕೆದಕಿ, ಬೇರಿಗೆ ಐದು ಕಡೆ ಕಚ್ಚು ಹಾಕಿ ಮಣ್ಣು ಮುಚ್ಚಿದ್ದೆ. ಗಾಯವಾದ ಕಡೆ ಬೇರು ಚಿಗುರುತ್ತದೆ. ಆ ಚಿಗುರೇ ಸಸಿ.

“ನರ್ಸರಿಯಿಂದ ನಲವತ್ತು ಬೀಜದ ಸಸಿ ತಂದಿದೀನಿ. ಸಾಲದಾ?”

“ಜೀಗುಜ್ಜೆಗೆ ಬೀಜ ಎಲ್ಲಿದೆ ಮಾವ?”

“ನಂಗೇ ಪಾಠ ಹೇಳ್ತೀಯಾ? ಆ ಮರ ಒಣಗಿತೋ, ಈ ಗೇಟಿನೊಳಗೆ ಕಾಲಿಡಬೇಡ ಮತ್ತೆ.”

ಮರ ಒಣಗಲಿಲ್ಲ. ಐದೂ ಕಚ್ಚು ಚಿಗುರಿದವು. ಬೇಲಿ ಪಕ್ಕ ನೆಟ್ಟೆ, ಐದನೇ ವರ್ಷಕ್ಕೆ ಕಾಯಿ ಬಿಟ್ಟವು. ಮಾವ ತಿಂದರು, ಕೈ ತೊಳೆದು ಎದ್ದು ಹೋದರು. ನಾನು ಒಳಗೊಳಗೇ ಕುದಿದೆ. ಅವರ ನಲವತ್ತು ಮರ ಥೇಟು ಜೀಗುಜ್ಜೆಯಂತೆಯೇ ಎಲೆ ಬಿಟ್ಟುಕೊಂಡು ಎಂಟು ವರ್ಷ ಕಾಯಿಸಿದವು.

ಮೊನ್ನೆ ಅವುಗಳ ಮೊದಲ ಫಸಲು ಶೆಡ್ಡಿಗೆ ಬಂತು. ಜೀಗುಜ್ಜೆಯ ನುಣುಪಿಲ್ಲ, ಕಾಯಿಗೆ ಮೈತುಂಬ ಮುಳ್ಳು. ಮಾವ ಒಂದನ್ನು ಹೋಳು ಮಾಡಿದರು. ತಿರುಳು ಹೆಸರಿಗಷ್ಟೇ; ಬರೀ ಬೀಜ, ಮೇಜಿನ ಮೇಲೆಲ್ಲ ಉರುಳಿದವು. ಹೆಚ್ಚುಕಡಿಮೆ ಅದೇ ಜನ ಸುತ್ತ ನಿಂತಿದ್ದರು. ಯಾರೂ ನಗಲಿಲ್ಲ. ಲಾರಿ ಡ್ರೈವರ್ ಮಾತ್ರ ಬಹಳ ಹೊತ್ತು ಕೆಮ್ಮಿದ.

ಮಧ್ಯಾಹ್ನ ಅತ್ತೆ ಆ ಬೀಜಗಳನ್ನು ಉಪ್ಪು ಹಾಕಿ ಬೇಯಿಸಿ ತಂದರು. “ಜೀಗುಜ್ಜೆ ಅಲ್ದಿದ್ರೇನಂತೆ, ಅದರ ಅಣ್ಣ ಇದು, ಬೀಜದ ಜಾತಿ. ಹಲ್ಲಿರೋರೆಲ್ಲ ಇದಕ್ಕೆ ಗಿರಾಕಿನೇ. ತಗೊಳ್ಳಿ.”

ಎಲ್ಲರ ಕೈಯೂ ಪಾತ್ರೆಗೆ ಹೋಯಿತು. ಮಾವನೂ ಒಂದರ ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಂಡರು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು.

ಆಮೇಲೆ ಮಾವ ಎಲ್ಲರಿಗೂ ಕೇಳುವಂತೆಯೇ ಅಂದರು: “ಡಾಕ್ಟ್ರೇ, ದೊಡ್ಡ ಮರದಲ್ಲಿ ಇನ್ನೆಷ್ಟು ಬೇರಿಗೆ ಕಚ್ಚು ಹಾಕಬಹುದು?”

ಎಂಟು ವರ್ಷದಿಂದ ಮಸೆದಿಟ್ಟ ಉತ್ತರಗಳು ನನ್ನ ಹತ್ತಿರ ರಾಶಿ ಇದ್ದವು, ಒಂದಕ್ಕಿಂತ ಒಂದು ಖಾರ. ಬಾಯಲ್ಲಿ ಇನ್ನೂ ಬೀಜವಿತ್ತು. ಇನ್ನೊಂದು ಹಿಡಿ ಜೇಬಿಗೆ ಹಾಕಿಕೊಂಡೆ. ಗೋಡೆಗೆ ಒರಗಿದ್ದ ಗುದ್ದಲಿ ಎತ್ತಿ ಹೆಗಲಿಗೇರಿಸಿ, ದೊಡ್ಡ ಮರದ ಕಡೆ ನಡೆದೆ.