ಹಲಗೆಯ ಹಿಂದೆ ನಡೆಯುವವನು

ನಮ್ಮೂರಿಗೆ ಎರಡು ಚಿಮಣಿ ಅಂತ ಹೆಸರು. ತುಪ್ಪಳದ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ, ಸರೋವರದ ಸೊಂಟ ಸಣ್ಣದಾಗುವ ಕಡೆ, ಈ ದಡಕ್ಕೊಂದು ಆ ದಡಕ್ಕೊಂದು ಕೋಠಿ ಕಟ್ಟಿಕೊಂಡು ಎರಡು ಕಂಪನಿಗಳು ಎದುರಾಬದುರು ಕೂತಿದ್ದವು. ಬೀವರ್ ಅನ್ನುವ ನೀರುಪ್ರಾಣಿಯ ಚರ್ಮ ಹೊತ್ತ ದೋಣಿ ಯಾವ ದಡಕ್ಕೆ ತಿರುಗುತ್ತದೆ ಅಂತ ಎರಡು ಕಡೆಯ ದೊರೆಗಳೂ ದುರ್ಬೀನು ಹಿಡಿದು ಕಾಯುತ್ತಿದ್ದರಂತೆ. ಬೀವರ್ ಮುಗಿಯಿತು, ಕಂಪನಿಗಳು ಗಂಟುಮೂಟೆ ಕಟ್ಟಿದವು. ಮರದ ಗೋಡೆಗಳನ್ನು ನಮ್ಮ ಹಿರಿಯರು ಸೌದೆ ಮಾಡಿಕೊಂಡರು. ಉಳಿದದ್ದು ಎರಡು ಕಲ್ಲಿನ ಚಿಮಣಿ, ಮತ್ತೆ ಜಗಳ.

ಬಡಗಣ ದಡದ ನಾವು ಸ್ಕಾಟರ ಕುಡಿ, ತೆಂಕಣ ದಡದವರು ಫ್ರೆಂಚರ ಕುಡಿ. ಮುತ್ತಜ್ಜಂದಿರು ಬೇರೆ ಬೇರೆ ಕಂಪನಿಯ ಅನ್ನ ತಿಂದವರು, ಮುತ್ತಜ್ಜಿಯರು ಮಾತ್ರ ಈ ನೆಲದ ಮೂಲದವರಾದ ಕ್ರೀ ಜನರ ಒಂದೇ ಮನೆತನದ ಅಕ್ಕತಂಗಿಯರು. ಹಾಗಾಗಿ ಎರಡು ದಡದಲ್ಲೂ ಎಲ್ಲರೂ ಎಲ್ಲರಿಗೂ ಭಾವ, ಅಳಿಯ, ಅತ್ತೆ. ಮದುವೆಗೆ, ಹೆಣಕ್ಕೆ ಹೋಗಿಬರುತ್ತೇವೆ. ಆದರೆ ನಮ್ಮ ಬಲೆ ನಡುನೀರು ದಾಟುವಂತಿಲ್ಲ, ಅವರದೂ ದಾಟುವಂತಿಲ್ಲ. ಈ ಗೆರೆ ಎಳೆದ ದೊರೆಗಳು ಸತ್ತು ನೂರೈವತ್ತು ವರ್ಷವಾಯಿತು. ಸತ್ತವರ ಮಾತಿಗೆ ಇಷ್ಟು ಬೆಲೆ ಕೊಡುವ ಜನ, ಬದುಕಿರುವ ಹೆಂಡತಿಯ ಮಾತಿಗೆ ಕೊಟ್ಟದ್ದನ್ನು ನಾನು ಕಾಣೆ.

ನವೆಂಬರಿನಲ್ಲಿ ನೀರು ಹೆಪ್ಪುಗಟ್ಟಿದ ಮೇಲೆ ಮಂಜುಗಡ್ಡೆಯ ಕೆಳಗೆ ಬಲೆ ಹಾಸುತ್ತೇವೆ. ಅದಕ್ಕೊಂದು ಕೆಂಪು ಹಲಗೆ ಇದೆ, ಆಳುದ್ದದ್ದು, ಬೆನ್ನಿಗೆ ಕಬ್ಬಿಣದ ತೋಳು. ತೂತು ಕೊರೆದು ಅದನ್ನು ಗಡ್ಡೆಯ ಕೆಳಗೆ ತಳ್ಳಿ, ಹಗ್ಗ ಎಳೆದೆಳೆದು ಬಿಡಬೇಕು. ಒಂದೊಂದು ಎಳೆತಕ್ಕೂ ಆ ತೋಳು ಗಡ್ಡೆಗೆ ಟಕ್ ಅಂತ ಒದ್ದು ಹಲಗೆಯನ್ನು ಮುಂದಕ್ಕೆ ನೂಕುತ್ತದೆ. ಮೇಲೆ ಒಬ್ಬ ಆ ಟಕ್ ಟಕ್ ಕೇಳಿಸಿಕೊಳ್ಳುತ್ತಾ ಹಿಂದೆಯೇ ನಡೆಯಬೇಕು. ಹಗ್ಗ ಮುಗಿದಾಗ ಅವನು ತೋರಿಸಿದ ಜಾಗದಲ್ಲಿ ಇನ್ನೊಂದು ತೂತು ಕಡಿದು ಹಲಗೆಯನ್ನು ಎತ್ತಿಕೊಳ್ಳುತ್ತಾರೆ. ಆಮೇಲೆ ಅದೇ ಹಗ್ಗಕ್ಕೆ ಬಲೆ ಕಟ್ಟಿ ಎಳೆಯುವುದು. ಹಲಗೆ ಮುಂದಕ್ಕೆ ಹೋಗುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ಕಳೆದುಕೊಂಡರೆ ಆ ಚಳಿಗಾಲಕ್ಕೆ ಮೀನಿಲ್ಲ.

ನಮ್ಮ ದಡದಲ್ಲಿ ನಲವತ್ತು ವರ್ಷದಿಂದ ಹಲಗೆಯ ಹಿಂದೆ ನಡೆದವನು ನನ್ನ ಗಂಡ ಸೈಲಸ್. ಬೇಟೆಯಲ್ಲಿ ಅವನು ಸಾಧಾರಣ, ಹಾಡಿನಲ್ಲಿ ಅಪಸ್ವರ. ಇದೊಂದರಲ್ಲಿ ಮಾತ್ರ ಅವನಿಗೆ ಎದುರಿಲ್ಲ. ಚರ್ಚಿನಲ್ಲಿ ಮೊದಲ ಬೆಂಚು ಸಿಗುತ್ತಿದ್ದದ್ದೂ ಅದಕ್ಕೇ.

ಮೂರು ವರ್ಷದ ಹಿಂದೆ ಅವನ ಕಿವಿ ಕೈಕೊಟ್ಟಿತು.

ನನಗೆ ಗೊತ್ತಾಗಿದೆ ಅಂತ ಅವನಿಗೆ ಗೊತ್ತಿತ್ತು. ಇಬ್ಬರೂ ತುಟಿ ಬಿಚ್ಚಲಿಲ್ಲ. ಚಹಾದ ಕೆಟಲು ಹಿಡಿದು ನಾನು ಅವನ ಪಕ್ಕದಲ್ಲೇ ನಡೆಯತೊಡಗಿದೆ. ಟಕ್ ಎಂದ ಕಡೆಗೆ ನಾನು ತಿರುಗಿದರೆ ಅವನೂ ತಿರುಗುತ್ತಿದ್ದ, ನಾನು ನಿಂತರೆ ತಾನೂ ನಿಂತು, ಬೆರಳು ತೋರಿಸಿ, "ಇಲ್ಲಿ ಕಡೀರಿ" ಅನ್ನುತ್ತಿದ್ದ. ಅವನಿಗೆ ಮೆಚ್ಚುಗೆ, ನನಗೆ ಖಾಲಿ ಕೆಟಲು.

ಈ ವರ್ಷ ಅಕ್ಟೋಬರಿನಲ್ಲಿ ಆಲೂಗಡ್ಡೆ ನೆಲಮಾಳಿಗೆಯ ಏಣಿಯಿಂದ ಬಿದ್ದು ನನ್ನ ಮಂಡಿ ಮುರಿಯಿತು. ಅದೇ ವರ್ಷ ಗಣಿಯ ಕೆಲಸಕ್ಕೆ ಪ್ರಾಯದ ಗಂಡಸರೆಲ್ಲ ಹೋಗಿ ಎರಡು ದಡದಲ್ಲೂ ಆಳಿಲ್ಲದಂತಾಯಿತು. ತೆಂಕಣದವರ ಹಲಗೆ ಮುರಿದಿತ್ತು, ಬಲೆ ಗಟ್ಟಿ ಇತ್ತು. ನಮ್ಮದು ಹಲಗೆ ಗಟ್ಟಿ, ಬಲೆ ಚಿಂದಿ. ಒಂದು ಮಧ್ಯಾಹ್ನ ಓವೀಡ್ ನಮ್ಮ ಮನೆಗೆ ಬಂದ. ನನ್ನ ಚಿಕ್ಕಮ್ಮನ ಮಗ, ತೆಂಕಣ ದಡದಲ್ಲಿ ಹಲಗೆಯ ಹಿಂದೆ ನಡೆಯುವವನು. ಬಿಸಿ ರೊಟ್ಟಿಗೆ ಹಂದಿಕೊಬ್ಬು ಸವರಿಕೊಂಡು ತಿನ್ನುತ್ತಲೇ ವಿಷಯ ತೆಗೆದ.

"ಒಟ್ಟಿಗೆ ಹಾಕೋಣ ಭಾವ. ಮೀನು ಅರ್ಧ ಅರ್ಧ. ಹಲಗೆ ಹಿಂದೆ ನೀನೇ ನಡಿ. ನಮ್ಮೋರೂ ನೋಡ್ಲಿ, ಬಡಗಣದೋರ ಕಿವಿ ಎಷ್ಟು ದೊಡ್ಡದು ಅಂತ."

"ಏನಂದೆ?" ಅಂದ ಸೈಲಸ್.

"ನೀನೇ ನಡೀಬೇಕಂತೆ!" ಅಂತ ನಾನು ಒಲೆಯ ಹತ್ತಿರದಿಂದ ಕೂಗಿದೆ.

"ಅದಕ್ಯಾಕೆ ಅರಚ್ತೀಯಾ? ನಾನೇನು ಕಿವುಡನಾ?" ಅಂದ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮನೆಯಲ್ಲಿ ಕಿವುಡಾದರೆ ಯಾರಿಗೇನು? ತೆಂಕಣದವರ ಕಣ್ಣೆದುರು ಅವನ ನಲವತ್ತು ವರ್ಷದ ಹೆಸರು ಮಣ್ಣುಪಾಲಾದರೆ ಅವನು ಮತ್ತೆ ತಲೆಯೆತ್ತುವುದಿಲ್ಲ ಅಂತ ನನಗೆ ಗೊತ್ತಿತ್ತು.

ಬಲೆ ಹಾಕುವ ದಿನ ನನ್ನನ್ನು ಕಂಬಳಿಯಲ್ಲಿ ಸುತ್ತಿ, ಜಾರುಬಂಡಿಯ ಮೇಲೆ ಮೊದಲ ತೂತಿನ ಹತ್ತಿರ ಕೂರಿಸಿದರು. ಹಗ್ಗ ಎಳೆಯಲು ನನ್ನ ತಂಗಿಯ ಮಗ ಸಿರಿಲ್ ನಿಂತ. ಅವನಿಗೂ ಐವತ್ತಾಯಿತು. ಗಡ್ಡೆಯ ಮೇಲೆ ಗೇಣುದ್ದ ಹಿಮ ಬಿದ್ದು, ಕೆಳಗಿನದು ಏನೂ ಕಾಣುತ್ತಿರಲಿಲ್ಲ. ಹಲಗೆ ಹೊರಟಿತು. ಟಕ್, ಟಕ್. ಸೈಲಸ್ ಮುಂದೆ, ಓವೀಡ್ ಅವನ ಪಕ್ಕದಲ್ಲಿ. ಎರಡು ದಡದ ಮುದುಕರೂ ಹೆಂಗಸರೂ ನಿಂತು ನೋಡುತ್ತಿದ್ದರು.

ಸರೋವರ ಸಣ್ಣದಾಗುವ ಆ ಇಕ್ಕಟ್ಟಿನಲ್ಲಿ ನೀರಿನ ಸೆಳೆತ ಇದೆ. ಅದು ಹಲಗೆಯನ್ನು ತೆಂಕಣಕ್ಕೆ ಎಳೆಯುವುದು ನನಗೆ ಕೂತಲ್ಲೇ ಕೇಳುತ್ತಿತ್ತು. ಸೈಲಸ್ ಮಾತ್ರ ನೆಟ್ಟಗೆ ಹೋದ. ನಡುನೀರಿನ ಹತ್ತಿರ ಬಂದದ್ದೇ, ನಲವತ್ತು ವರ್ಷದ ರೂಢಿಯಂತೆ, ಅವನ ಕಾಲು ತಾನಾಗಿ ಬಡಗಣಕ್ಕೆ ತಿರುಗಿತು. "ಮುದುಕಾ, ಆ ಕಡೆ!" ಅಂತ ಕೂಗಲು ಬಾಯಿ ತೆರೆದೆ. ಕೂಗಿದರೆ ಅವನ ಮಾನ ಹೋಗುತ್ತದೆ, ಕೂಗದಿದ್ದರೆ ಎಲ್ಲರ ಮೀನು ಹೋಗುತ್ತದೆ. ದೇವರೇ, ಓವೀಡನಾದರೂ ಹೇಳಲಿ ಅಂತ ಬಾಯಿ ಮುಚ್ಚಿಕೊಂಡೆ.

ಹಗ್ಗ ಮುಗಿಯಿತು. ಇಬ್ಬರೂ ಒಂದೇ ಕಡೆ ನಿಂತರು. ಹಾರೆ ಹಾಕಿ ಕಡಿದರೆ ಬರೀ ಕಪ್ಪು ನೀರು. ಮೂರು ಮಾರು ಆಚೆ ಕಡಿದರು, ಅಲ್ಲೂ ಇಲ್ಲ.

"ಇಲ್ಲೇ ಅಂತ ನಿಂತ್ಯಲ್ಲೋ ನೀನು!" ಸೈಲಸ್ ರೇಗಿದ.

"ನೀನು ನಿಂತೆ ಅಂತ ನಾನು ನಿಂತೆ!"

"ನಾನು ನಿಂತಿದ್ದು ನೀನು ನಿಂತೆ ಅಂತ!"

"ಏನು?"

"ಏನು ಅಂದ್ರೆ?"

ಇಡೀ ಸರೋವರಕ್ಕೆ ಕೇಳುವಂತೆ ಇಬ್ಬರೂ ಅರಚುತ್ತಿದ್ದರು. ಮೊದಲು ಸಿರಿಲ್‌ಗೆ ಅರ್ಥವಾಗಿ, ಹಗ್ಗ ಹಿಡಿದುಕೊಂಡೇ ಹಿಮದ ಮೇಲೆ ಕುಸಿದು ನಕ್ಕ. "ದೊಡ್ಡಮ್ಮಾ, ಇಬ್ರೂ ಕಿವುಡ್ರು!" ದಡದಲ್ಲಿದ್ದವರೆಲ್ಲ ನಕ್ಕರು. ಮರ ಕುಯ್ಯುವ ಯಂತ್ರ ಓವೀಡನ ಕಿವಿಯನ್ನೂ ಯಾವಾಗಲೋ ತಿಂದುಹಾಕಿತ್ತಂತೆ. ಆಮೇಲೆ ನಗು ತಾನಾಗಿ ನಿಂತಿತು. ಹಲಗೆ ನಿಂತದ್ದು ಸರಿಯಾಗಿ ಎಲ್ಲಿ ಅಂತ ಯಾರಿಗೂ ಗೊತ್ತಿರಲಿಲ್ಲ, ಹೊತ್ತು ಇಳಿಯುತ್ತಿತ್ತು. ಸೈಲಸ್ ಹಾರೆ ಊರಿಕೊಂಡು ತಲೆ ತಗ್ಗಿಸಿ ನಿಂತಿದ್ದ.

ಅವನು ನಿಧಾನವಾಗಿ ನನ್ನ ಹತ್ತಿರ ನಡೆದು ಬಂದ. ಜಾರುಬಂಡಿಯ ಹಗ್ಗ ಹೆಗಲಿಗೆ ಹಾಕಿಕೊಂಡು ಎಲ್ಲರ ಕಡೆ ತಿರುಗಿದ.

"ನನಗೆ ಕೇಳ್ಸಲ್ಲ. ಮೂರು ವರ್ಷ ಆಯ್ತು. ಹಲಗೆ ಹಿಡಿದಿದ್ದೆಲ್ಲಾ ಇವಳು. ಭಾವ, ನೀನೂ ಒಂದು ಕೈ ಹಾಕು, ಎಳೀಬೇಕು ಇವಳನ್ನ."

"ಅಕ್ಕನ್ನ ಎಳಿಯೋಕೆ ಇಬ್ರು ಸಾಲ್ತೀವಾ?" ಅಂದ ಓವೀಡ್. ಅಂದರೂ ಬಂದು ಹೆಗಲು ಕೊಟ್ಟ.

ಎರಡು ಕಂಪನಿಯ ಮರಿಮಕ್ಕಳು ಏದುಸಿರು ಬಿಡುತ್ತಾ ನನ್ನನ್ನು ಎಳೆದರು. ನಾನು ಬಂಡಿಯ ಮೇಲೆ ಬೋರಲಾಗಿ ಮಲಗಿ, ಟೋಪಿ ಸರಿಸಿ, ಕೈಯಿಂದ ಹಿಮ ಗೋರಿ ಕಿವಿಯನ್ನು ಗಡ್ಡೆಗೆ ಕೊಡುತ್ತಿದ್ದೆ. ಕಿವಿ ಸುಡುವಂಥ ಚಳಿ. ಆ ಕಡೆ ಸಿರಿಲ್ ಹಗ್ಗ ಜಗ್ಗುತ್ತಿದ್ದ. ಟಕ್. ದೂರ. "ಇನ್ನೂ ತೆಂಕಣಕ್ಕೆ," ಅಂದು ಕೈಸನ್ನೆ ಮಾಡಿದೆ. ಇಬ್ಬರೂ ನಡುನೀರಿನಲ್ಲಿ ಒಂದು ಗಳಿಗೆ ತಡೆದರು. ಸೈಲಸ್ ಬಲೆಯ ಕೆಲಸಕ್ಕೆ ಆ ಗೆರೆಯನ್ನು ಒಮ್ಮೆಯೂ ದಾಟಿದವನಲ್ಲ. ಆಮೇಲೆ ದಾಟಿದರು.

ಮೂರು ವರ್ಷ ಗಂಡನ ಮಾನ ಕಾಪಾಡುತ್ತಿದ್ದೇನೆ ಅಂತ ನಾನು ನನಗೇ ಹೇಳಿಕೊಂಡಿದ್ದೆ. ಸುಳ್ಳಲ್ಲ. ಆದರೆ ಅವನು "ಇಲ್ಲಿ ಕಡೀರಿ" ಅಂದಾಗಲೆಲ್ಲ ನನ್ನೊಳಗೆ ಏನೋ ಕಚ್ಚುತ್ತಿತ್ತು. ಅದು ಹೊಟ್ಟೆಕಿಚ್ಚು ಅಂತ ಆವತ್ತು ಗಡ್ಡೆಯ ಮೇಲೆ ಮಲಗಿದ್ದಾಗ ಒಪ್ಪಿಕೊಂಡೆ. ನನಗೂ ಬೇಕಿತ್ತು ಆ ಹೆಸರು.

ಟಕ್. ನನ್ನ ಕೆನ್ನೆಗೇ ಬಡಿಯಿತು.

"ಎಲ್ಲೇ, ಮುದುಕಿ?" ಸೈಲಸ್ ಹಾರೆ ಎತ್ತಿಕೊಂಡು ಕೇಳಿದ. ಅಷ್ಟು ಜನರೆದುರು, ಅಷ್ಟು ಗಟ್ಟಿಯಾಗಿ.

"ಇಲ್ಲಿ," ಅಂದೆ.

ಅವನಿಗೆ ಕೇಳಿಸಲಿಲ್ಲ.

"ಇಲ್ಲಿ ಕಡೀರಿ!" ಅಂತ ಎರಡು ದಡಕ್ಕೂ ಮುಟ್ಟುವ ಹಾಗೆ ಕೂಗಿದೆ.